ಪರದೇಶಿಯ ಹಕ್ಕು ಮತ್ತು ನಮ್ಮ ಕರ್ತವ್ಯ

(ನಮ್ಮ ದೇವಾಲಯದ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ, ವಲಸಿಗರ ಹಾಗೂ ನಿರಾಶ್ರಿತರ ವಿಶ್ವದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದ ಹಿರಿಯರು ನಮ್ಮ ದೇವಾಲಯದ ಸ್ಥಾಪನೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು, ಶಾಲೆಯ ಬೆಳವಣಿಗೆ ಮುಂತಾದ ವಿಷಯಗಳನ್ನು ವಿಶದವಾಗಿ ತಿಳಿಸಿರುವರು. ನಾನು ಇಂದು ಈ ಸಭೆಯಲ್ಲಿ ಇಲ್ಲದವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ನಮ್ಮ ಗಂಟೆಗೋಪುರದ ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಟ್ಟವರ ಪಟ್ಟಿಯನ್ನು ನೀವು ದ್ವಾರದ ಬಳಿ ಓದಿರಬಹುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಹೆಸರುಗಳ ಮುಂದೆ ಕುವೈತ್, ದುಬೈ, ಮಸ್ಕತ್, ದೋಹಾ, ಬಹರೈನ್ ಎಂದು ಬರೆದಿದೆ. ಅವರ ದುಡಿಮೆಯ ಫಲವು ಇಲ್ಲಿ ಕಲ್ಲು ಗಾರೆಯಾಗಿ ನಿಂತಿದೆ. ಅವರು ಮಾತ್ರ ಅಲ್ಲಿರುವರು.

ಧರ್ಮಸಭೆಯು 1914ರಿಂದ ವಲಸಿಗರಿಗಾಗಿ ವರ್ಷದಲ್ಲಿ ಒಂದು ದಿನವನ್ನು ಮೀಸಲಿಟ್ಟಿದೆ. 2019ರಿಂದ ಈ ದಿನವು ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರದಂದು ಆಚರಿಸಲ್ಪಡುತ್ತಿದೆ. ಆದುದರಿಂದ ಇಂದಿನ ವಿಷಯವು ನಾನು ಹುಡುಕಿ ತಂದುದಲ್ಲ. ಧರ್ಮಸಭೆಯೇ ನಮ್ಮ ಮುಂದೆ ಇಟ್ಟಿರುವಂಥದು. ಒಂದು ದೇಶದಲ್ಲಿ ದುಡಿಯುತ್ತಿದ್ದರೂ ಆ ದೇಶದ ಪ್ರಜೆಯಾಗಿಲ್ಲದವನಿಗೆ ಏನೇನು ಹಕ್ಕುಗಳಿವೆ? ಈ ಪ್ರಶ್ನೆ ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಕಾವೇರಿದ ಚರ್ಚೆಗೆ ಕಾರಣವಾಗಿದೆ. ನಾನು ಅದನ್ನು ನಮ್ಮ ಮನೆಮನೆಗಳಿಗೆ ಸಂಬಂಧಿಸಿದ ಕೊಲ್ಲಿಯ ದೇಶಗಳ ಮಟ್ಟಿಗೆ ಪರಿಶೀಲಿಸುತ್ತೇನೆ.

ಪರದೇಶಿ ಎಂಬ ಮಾತು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಹಿಂದುಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಊರು ಬಿಟ್ಟು ಹೋದವನಿಗೆ ಹೇಳಿಕೊಳ್ಳುವವರು ಯಾರೂ ಇರುವುದಿಲ್ಲ ಎಂಬ ಅನುಭವವು ಈ ಒಂದೇ ಮಾತಿನಲ್ಲಿ ಅಡಗಿದೆ.

ಈ ಅನುಭವವು ಕರಾವಳಿಯ ಕಥೋಲಿಕರಿಗೆ ಹೊಸದಲ್ಲ. ನಮ್ಮಲ್ಲಿ ಬಹುಪಾಲು ಕುಟುಂಬಗಳ ಪೂರ್ವಜರು ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಬೇರೆಬೇರೆ ಕಾಲಗಳಲ್ಲಿ ಗೋವೆಯಿಂದ ಇಳಿದು ಬಂದವರು. ಇಕ್ಕೇರಿಯ ನಾಯಕರ ಆಳಿಕೆಯಲ್ಲಿ ಅವರಿಗೆ ಬೇಸಾಯಕ್ಕೆ ಭೂಮಿ ದೊರೆಯಿತು, ಪ್ರಾರ್ಥನಾಲಯಗಳನ್ನು ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಬೇರೆ ಭಾಷೆಯನ್ನಾಡುವ, ಬೇರೆ ಧರ್ಮವನ್ನು ಅನುಸರಿಸುವ ಆ ಜನರನ್ನು ಈ ನೆಲ ಒಳಗೆ ಕರೆದುಕೊಂಡಿತು. ಮುಂದೆ 1784ರಲ್ಲಿ ಅವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುದು, 1799ರ ನಂತರ ಉಳಿದವರು ಹಿಂದಿರುಗಿ ಬಂದು ಬದುಕನ್ನು ಮತ್ತೆ ಮೊದಲಿನಿಂದ ಕಟ್ಟಿದುದು ನಿಮಗೆಲ್ಲರಿಗೂ ತಿಳಿದ ಚರಿತ್ರೆ. ಅನಂತರ ಮುಂಬಯಿಗೆ, ಪೂರ್ವ ಆಫ್ರಿಕಕ್ಕೆ, 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿಯ ದೇಶಗಳಿಗೆ ನಮ್ಮ ಮಕ್ಕಳು ಹೊರಟರು. ಆರು ಕೊಲ್ಲಿ ರಾಷ್ಟ್ರಗಳಲ್ಲಿ ಇಂದು ಭಾರತೀಯರ ಸಂಖ್ಯೆ ಸುಮಾರು 90 ಲಕ್ಷ. ಅವರಲ್ಲಿ ಸಾಮಾನ್ಯ ಕೆಲಸಗಾರನು ಮೂವತ್ತು ವರ್ಷ ದುಡಿದರೂ ಆ ದೇಶದ ಪ್ರಜೆಯಾಗುವಂತಿಲ್ಲ. ಅಲ್ಲಿಯೇ ಹುಟ್ಟಿದ ಅವನ ಮಗುವೂ ಪ್ರಜೆಯಲ್ಲ. ಕೆಲಸ ಮುಗಿದ ದಿನ ನೆಲೆಯೂ ಮುಗಿಯಿತು.

ಕಫಾಲ ಪದ್ಧತಿ

ಅರಬ್ಬೀ ಭಾಷೆಯಲ್ಲಿ ‘ಕಫಾಲ’ ಎಂದರೆ ಹೊಣೆ ಹೊರುವುದು, ಜಾಮೀನು ನಿಲ್ಲುವುದು. ಅನಾಥ ಮಗುವಿನ ಪಾಲನೆಯನ್ನು ವಹಿಸಿಕೊಳ್ಳುವುದಕ್ಕೂ ಇಸ್ಲಾಂ ಧರ್ಮಶಾಸ್ತ್ರದಲ್ಲಿ ಇದೇ ಹೆಸರು. ಪರದೇಶಿಯಾಗಿ ಬಂದವನಿಗೆ ಒಬ್ಬನು ದಿಕ್ಕಾಗಿ ನಿಲ್ಲಬೇಕು ಎಂಬುದು ಆ ಮಾತಿನ ಮೂಲ ಸತ್ತ್ವ. ಎಷ್ಟು ಉದಾತ್ತವಾದ ಕಲ್ಪನೆ! ಆದರೆ ತೈಲದ ಯುಗದಲ್ಲಿ ಲಕ್ಷಾಂತರ ಕೆಲಸಗಾರರು ಬರತೊಡಗಿದಾಗ ಈ ಹೊಣೆಯು ಹಿಡಿತವಾಗಿ ಮಾರ್ಪಟ್ಟಿತು. ವಿದೇಶೀಯನು ದೇಶವನ್ನು ಪ್ರವೇಶಿಸಲು, ಅಲ್ಲಿ ನೆಲಸಲು, ಒಂದು ಕೆಲಸವನ್ನು ಬಿಟ್ಟು ಇನ್ನೊಂದನ್ನು ಸೇರಲು, ಕೆಲವು ದೇಶಗಳಲ್ಲಿ ತನ್ನ ಮನೆಗೆ ಹಿಂದಿರುಗಲು ಕೂಡ ಕಫೀಲನ, ಅಂದರೆ ಮಾಲಿಕನ, ಒಪ್ಪಿಗೆ ಬೇಕಾಯಿತು.

ಇದರಿಂದ ಒದಗುವ ಕೇಡು ಎಲ್ಲಿದೆಯೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ನಮ್ಮೂರಿನಲ್ಲಿ ಮಾಲಿಕನು ಸಂಬಳ ಕೊಡದಿದ್ದರೆ ಕೆಲಸಗಾರನು ಆ ಕೆಲಸವನ್ನು ಬಿಟ್ಟು ಬೇರೆಡೆಗೆ ಹೋಗಬಹುದು. ದೂರು ಕೊಟ್ಟು ಕಾಯಬಹುದು. ಕಫಾಲ ಪದ್ಧತಿಯಲ್ಲಿ ಅವನು ಕೆಲಸ ಬಿಟ್ಟು ಹೊರಬಂದರೆ ‘ಓಡಿಹೋದವನು’ ಎಂದು ಮಾಲಿಕನು ವರದಿ ಮಾಡಬಹುದು. ಸೌದಿ ಅರೇಬಿಯದಲ್ಲಿ ಇದಕ್ಕೆ ‘ಹುರೂಬ್’ ಎಂದು ಹೆಸರು. ವರದಿ ದಾಖಲಾದರೆ ಅವನ ಇಕಾಮಾ, ಅಂದರೆ ನಿವಾಸದ ಪರವಾನಗಿ, ನೆಲೆ ತಪ್ಪುತ್ತದೆ. ಸಂಬಳ ಕೇಳಲು ಹೋದವನು ಬಂಧನಕ್ಕೂ ಗಡೀಪಾರಿಗೂ ಗುರಿಯಾಗುತ್ತಾನೆ. ತಪ್ಪು ಯಾರದು, ಶಿಕ್ಷೆ ಯಾರಿಗೆ ಎಂಬುದು ತಲೆಕೆಳಗಾಗುತ್ತದೆ. ಮಾಲಿಕರಲ್ಲಿ ಒಳ್ಳೆಯವರು ಬಹಳ ಮಂದಿ ಇದ್ದಾರೆ. ನಮ್ಮ ಕುಟುಂಬಗಳೇ ಅದಕ್ಕೆ ಸಾಕ್ಷಿ. ಆದರೆ ಒಬ್ಬ ಮನುಷ್ಯನ ಬಿಡುಗಡೆಯು ಇನ್ನೊಬ್ಬನ ಒಳ್ಳೆಯತನವನ್ನು ಮಾತ್ರ ಅವಲಂಬಿಸಿರಬೇಕೆಂದರೆ ಅದು ನ್ಯಾಯವೆನಿಸಲಾರದು.

ಸುಧಾರಣೆಯ ಹೆಜ್ಜೆಗಳು

ಈ ಪದ್ಧತಿಯನ್ನು ತಿದ್ದುವ ಪ್ರಯತ್ನಗಳು ಆ ದೇಶಗಳಲ್ಲಿಯೇ ನಡೆದಿವೆ. 2009ರಲ್ಲಿ ಬಹರೈನ್ ದೇಶವು ಹಳೆಯ ಮಾಲಿಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಲು ಮೊದಲ ಬಾರಿಗೆ ಅವಕಾಶ ಮಾಡಿತು. ಎರಡೇ ವರ್ಷಗಳಲ್ಲಿ, ಮೊದಲು ಒಂದು ವರ್ಷ ದುಡಿದಿರಬೇಕೆಂಬ ನಿಬಂಧನೆಯನ್ನು ಸೇರಿಸಿತು. ಕತಾರ್ ದೇಶವು 2018ರಲ್ಲಿ ಬಹುಪಾಲು ಕೆಲಸಗಾರರಿಗೆ, 2020ರ ಆರಂಭದಲ್ಲಿ ಮನೆಗೆಲಸದವರಿಗೆ, ದೇಶ ಬಿಡಲು ಬೇಕಿದ್ದ ಅನುಮತಿಯನ್ನು ತೆಗೆದುಹಾಕಿತು. ಅದೇ 2020ರಲ್ಲಿ ಕೆಲಸ ಬದಲಾವಣೆಗೆ ಬೇಕಿದ್ದ ಒಪ್ಪಿಗೆಪತ್ರವನ್ನು ರದ್ದುಗೊಳಿಸಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನವನ್ನು ಸ್ಥಳೀಯ-ವಿದೇಶೀಯರೆಂಬ ಭೇದವಿಲ್ಲದೆ ಜಾರಿಗೆ ತಂದಿತು. ಸೌದಿ ಅರೇಬಿಯ 2021ರ ಮಾರ್ಚ್‌ನಲ್ಲಿ ಇಂಥದೇ ಸುಧಾರಣೆಯನ್ನು ಕೈಗೊಂಡಿತು. ಆದರೆ ಮನೆಗೆಲಸದವರನ್ನೂ ತೋಟದ ಕೆಲಸದವರನ್ನೂ ಅದರ ಹೊರಗಿಟ್ಟಿತು. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿಯೇ ಕಾಯಿದೆ ಮಾಡಿ ವಾರಕ್ಕೊಂದು ರಜೆ, ದಿನಕ್ಕೆ ಹನ್ನೆರಡು ಗಂಟೆಗೆ ಮೀರದ ದುಡಿಮೆ, ವರ್ಷಕ್ಕೆ 30 ದಿನಗಳ ಸಂಬಳಸಹಿತ ರಜೆ ಎಂದು ವಿಧಿಸಿತು. ಅದೇ ಕುವೈತ್ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶೀ ನೌಕರರು ದೇಶ ಬಿಟ್ಟು ಹೊರಡಲು ಮಾಲಿಕನ ಅನುಮತಿ ಪಡೆಯಬೇಕೆಂಬ ನಿಯಮವನ್ನು ತಂದಿತು.

ಈ ವಿವರಗಳಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕೊಟ್ಟ ಹಕ್ಕನ್ನು ಹಿಂತೆಗೆದುಕೊಳ್ಳುವುದೂ ಉಂಟು ಎಂಬುದು ಮೊದಲನೆಯದು. ಎಲ್ಲರಿಗಿಂತ ನಿರ್ಬಲರಾದ ಮನೆಗೆಲಸದ ಹೆಣ್ಣುಮಕ್ಕಳಿಗೇ ಸುಧಾರಣೆಯು ಎಲ್ಲರಿಗಿಂತ ತಡವಾಗಿ ತಲಪುವುದೆಂಬುದು ಎರಡನೆಯದು. ಗೋಡೆಗಳ ಒಳಗೆ ನಡೆಯುವ ದುಡಿಮೆಯನ್ನು ಯಾವ ಇನ್ಸ್‌ಪೆಕ್ಟರನೂ ಬಂದು ನೋಡುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಫ್ ಎಂಬಲ್ಲಿ ಕೆಲಸಗಾರರ ವಸತಿಗೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ಮಡಿದರು. ಕೆಲಸಗಾರನು ಎಲ್ಲಿ, ಹೇಗೆ ಮಲಗುತ್ತಾನೆಂಬುದನ್ನು ವಿಚಾರಿಸುವ ಕಣ್ಣಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

ಇನ್ನೊಂದು ಪಕ್ಷದ ವಾದ

ನ್ಯಾಯವಾಗಿ ವಿಚಾರಿಸಬೇಕಾದರೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಕತಾರ್ ಮತ್ತು ಅರಬ್ ಎಮಿರೇಟುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ಎಲ್ಲರಿಗೂ ಸಮನಾದ ಹಕ್ಕು ಕೊಟ್ಟರೆ ತಮ್ಮ ಭಾಷೆ, ಆಚಾರ, ರಾಜ್ಯ ಉಳಿಯುವುದೇ ಎಂದು ಅಲ್ಲಿನ ಪ್ರಜೆಗಳು ಅಂಜುವುದು ಅಸಹಜವೇನಲ್ಲ. ಇನ್ನು ಮಾಲಿಕನು ವೀಸಾ, ಟಿಕೆಟು, ಶುಲ್ಕಗಳಿಗೆ ಹಣ ತೆತ್ತು ಕರೆಸಿದವನು ಮರುತಿಂಗಳೇ ಬೇರೆಡೆಗೆ ಹೋದರೆ ನಷ್ಟವಾಗುವುದೂ ನಿಜ. ನಮ್ಮವರೇ ಕೆಲವರು ಹೇಳುವುದುಂಟು: “ಉಂಡ ಮನೆಯ ಜಂತೆ ಎಣಿಸಬಾರದು ಸ್ವಾಮೀ, ಅವರ ಅನ್ನದಿಂದಲ್ಲವೇ ನಮ್ಮ ಮಕ್ಕಳು ಓದಿದ್ದು?”

ಈ ಕೃತಜ್ಞತೆಯು ಮೆಚ್ಚತಕ್ಕದ್ದೇ. ಆ ನಾಡುಗಳ ಅರಸರು ನಮಗೆ ಕೆಲಸ ಮಾತ್ರವಲ್ಲ, ಅನೇಕ ಕಡೆ ದೇವಾಲಯಕ್ಕೆ ಭೂಮಿಯನ್ನೂ ಕೊಟ್ಟಿರುವರು. ಬಹರೈನಿನ ಪವಿತ್ರ ಹೃದಯ ದೇವಾಲಯವು 1939ರಿಂದ ಇದೆ. 2008ರಲ್ಲಿ ದೋಹಾದಲ್ಲಿ ಜಪಸರದ ಮಾತೆಯ ದೇವಾಲಯ ತೆರೆಯಿತು. 2019ರ ಫೆಬ್ರವರಿಯಲ್ಲಿ ಜಗದ್ಗುರು ಫ್ರಾನ್ಸಿಸರು ಅಬುಧಾಬಿಯ ಕ್ರೀಡಾಂಗಣದಲ್ಲಿ ಬಲಿಪೂಜೆಯನ್ನು ಅರ್ಪಿಸಿದರು. ಆದರೆ ಉಂಡ ಮನೆಯ ಗಾದೆಯು ಅತಿಥಿಗೆ ಸಲ್ಲುವುದೇ ಹೊರತು ದುಡಿದವನಿಗಲ್ಲ. ನಮ್ಮವರು ಅಲ್ಲಿ ಉಂಡದ್ದು ಬೆವರು ಸುರಿಸಿ. ಸಲ್ಲಬೇಕಾದ ಕೂಲಿಯನ್ನು ಕೇಳುವುದು ಕೃತಘ್ನತೆಯಾಗದು. ಮಾಲಿಕನ ನಷ್ಟಕ್ಕೆ ಕರಾರಿನಲ್ಲಿ ಮುನ್ಸೂಚನೆಯ ಅವಧಿ, ಪರಿಹಾರ ಮುಂತಾದ ಉಪಾಯಗಳಿವೆ. ಒಬ್ಬ ಮನುಷ್ಯನನ್ನು ಕಟ್ಟಿಹಾಕಿ ಆ ನಷ್ಟವನ್ನು ತುಂಬಿಕೊಳ್ಳಬೇಕಾಗಿಲ್ಲ.

ಧರ್ಮಸಭೆಯ ಬೋಧನೆ

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆಯು ಸಮತೂಕವಾದುದು. ತನ್ನ ಗಡಿಯೊಳಗೆ ಯಾರು, ಎಷ್ಟು ಮಂದಿ, ಯಾವ ಷರತ್ತಿನ ಮೇಲೆ ಬರಬೇಕೆಂದು ಸಾರ್ವಜನಿಕ ಹಿತಕ್ಕಾಗಿ ಗೊತ್ತುಪಡಿಸುವ ಅಧಿಕಾರವು ರಾಜ್ಯಕ್ಕೆ ಇದೆಯೆಂದು ಅದು ಒಪ್ಪುತ್ತದೆ. ವಲಸಿಗನು ತನಗೆ ಆಶ್ರಯ ಕೊಟ್ಟ ನಾಡಿನ ಕಾನೂನನ್ನು ಪಾಲಿಸಬೇಕೆಂದೂ ಹೇಳುತ್ತದೆ. ಆದರೆ ಮತದಾನದಂಥ ಹಕ್ಕುಗಳು ಪ್ರಜೆಗೆ ಮೀಸಲಾಗಿರಬಹುದಾದರೂ, ದುಡಿಮೆಗೆ ತಕ್ಕ ಕೂಲಿ, ದೇಹದ ಬಿಡುಗಡೆ, ನ್ಯಾಯಾಲಯದ ಬಾಗಿಲು, ಕುಟುಂಬ, ದೇವಾರಾಧನೆ ಇವು ಮನುಷ್ಯನಾಗಿ ಹುಟ್ಟಿದುದರಿಂದಲೇ ಬಂದ ಹಕ್ಕುಗಳು. ಅವನ್ನು ಪಾಸ್‌ಪೋರ್ಟು ಕೊಡುವುದೂ ಇಲ್ಲ, ಕಸಿದುಕೊಳ್ಳುವುದೂ ಇಲ್ಲ.

1952ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ವಲಸಿಗರನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳಿಗೆ ಮಾದರಿಯಾಗಿ ಇಟ್ಟರು. ಇಪ್ಪತ್ತಮೂರನೆಯ ಜಾನ್‌ರವರು 1963ರಲ್ಲಿ ವಲಸೆ ಹೋಗುವುದನ್ನು ಮಾನವನ ಹಕ್ಕುಗಳ ಸಾಲಿನಲ್ಲಿ ಸೇರಿಸಿದರು. ಎರಡನೆಯ ಜಾನ್ ಪೌಲ್‌ರವರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಹೊರದೇಶದಲ್ಲಿ ದುಡಿಯುವವನು ಕೆಲಸದ ಹಕ್ಕುಗಳಲ್ಲಿ ಸ್ಥಳೀಯನಿಗಿಂತ ಕೆಳಗಾಗಬಾರದೆಂದು ಬೋಧಿಸಿದರು.

ಪವಿತ್ರ ಗ್ರಂಥದಲ್ಲಿ ಧರ್ಮೋಪದೇಶ ಕಾಂಡವನ್ನು ತೆರೆದು ನೋಡಿರಿ. ಕೂಲಿಯವನು ಸ್ವಜನನಾಗಲಿ ಪರದೇಶಿಯಾಗಲಿ, ಸೂರ್ಯ ಮುಳುಗುವ ಮೊದಲೇ ಅವನ ಕೂಲಿಯನ್ನು ಕೊಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ, ಯಜಮಾನನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನು ಮತ್ತೆ ಆ ಯಜಮಾನನಿಗೆ ಒಪ್ಪಿಸದೆ, ಅವನು ಇಷ್ಟಪಟ್ಟ ಊರಿನಲ್ಲಿ ನೆಲಸಲು ಬಿಡಬೇಕೆಂಬ ಆಜ್ಞೆಯಿದೆ. ‘ಓಡಿಹೋದವನು’ ಎಂಬ ವರದಿಯ ವಿಚಾರವನ್ನು ಈಗತಾನೇ ಕೇಳಿದ ನಿಮಗೆ ಆ ಆಜ್ಞೆಯ ಬೆಲೆ ತಿಳಿಯದಿರದು. ಮೋವಾಬಿನ ರೂತಳು ಬೋವಜನ ಹೊಲದಲ್ಲಿ ತೆನೆಗಳನ್ನು ಆಯ್ದದ್ದು ಭಿಕ್ಷೆಯಲ್ಲ. ಹೊಲದ ಅಂಚನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂದು ಶಾಸ್ತ್ರವೇ ಕೊಟ್ಟ ಹಕ್ಕು. ಆ ಪರದೇಶಿ ಹೆಣ್ಣಿನ ವಂಶದಲ್ಲಿಯೇ ದಾವೀದನೂ, ಕಾಲವು ಪರಿಪಕ್ವವಾದಾಗ ನಮ್ಮ ಯೇಸುಸ್ವಾಮಿಯೂ ಜನಿಸಿದರು.

ನಮ್ಮ ಅಂಗಳದ ಪರದೇಶಿ

ಬಂಧುಗಳೇ, ಇಲ್ಲಿಯವರೆಗಿನ ಮಾತನ್ನು ನೀವು ತಲೆದೂಗಿ ಕೇಳಿದಿರಿ. ಇನ್ನು ಮುಂದಿನದು ಸ್ವಲ್ಪ ಕಹಿಯಾಗಬಹುದು. ನಮ್ಮ ಮಕ್ಕಳಿಗಾಗಿ ಅಲ್ಲಿ ಕೇಳುವ ನ್ಯಾಯವನ್ನು ನಾವು ಇಲ್ಲಿ ಬೇರೆಯವರ ಮಕ್ಕಳಿಗೆ ಕೊಡುತ್ತಿರುವೆವೇ?

ನಮ್ಮ ಸಂವಿಧಾನವು ಈ ವಿಚಾರದಲ್ಲಿ ಬಹು ಎಚ್ಚರಿಕೆಯಿಂದ ಮಾತನ್ನು ಆರಿಸಿದೆ. ವಾಕ್‌ಸ್ವಾತಂತ್ರ್ಯ, ಸಂಘಸ್ವಾತಂತ್ರ್ಯ ಮುಂತಾದುವನ್ನು ಹೇಳುವ 19ನೆಯ ಅನುಚ್ಛೇದ ಪ್ರಜೆಗಳಿಗೆ ಸಂಬಂಧಿಸಿದ್ದು. ಆದರೆ ಕಾನೂನಿನ ಮುಂದಿನ ಸಮಾನತೆಯನ್ನು ಹೇಳುವ 14ನೆಯ ಅನುಚ್ಛೇದವೂ, ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಹೇಳುವ 21ನೆಯ ಅನುಚ್ಛೇದವೂ ‘ಪ್ರಜೆ’ ಎನ್ನದೆ ‘ವ್ಯಕ್ತಿ’ ಎನ್ನುತ್ತವೆ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರನ್ನು ಬಲಾತ್ಕಾರದಿಂದ ಹೊರಗಟ್ಟುವ ಪ್ರಯತ್ನ ನಡೆದಾಗ ಸರ್ವೋಚ್ಚ ನ್ಯಾಯಾಲಯವು ಈ ಆಧಾರದ ಮೇಲೆಯೇ ಅವರಿಗೆ ರಕ್ಷಣೆ ಕೊಟ್ಟಿತು. ನಮ್ಮ ರಾಜ್ಯದ ಬೈಲುಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಟಿಬೆಟ್ಟಿನ ನಿರಾಶ್ರಿತರು 1960ರ ದಶಕದಿಂದ ನೆಲಸಿ, ಹೊಲ ಉತ್ತು, ತಮ್ಮ ಧರ್ಮವನ್ನು ಪಾಲಿಸಿಕೊಂಡು ಬಂದಿರುವುದು ಕನ್ನಡ ನಾಡಿನ ಔದಾರ್ಯಕ್ಕೆ ಸಾಕ್ಷಿ.

ಆದರೆ ಕಾನೂನು ತಲಪದ ಜಾಗವೊಂದಿದೆ. ಅದು ನಮ್ಮ ಮನೆಯ ಅಂಗಳ. ಇಂದು ನಮ್ಮ ಊರಿನಲ್ಲಿ ಮನೆ ಕಟ್ಟುವವರು, ತೋಟದಲ್ಲಿ ದುಡಿಯುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು ಬಿಹಾರ, ಒಡಿಶಾ, ಜಾರ್ಖಂಡ, ಬಂಗಾಳಗಳಿಂದ ಬಂದವರು. ಕಾವಲಿಗೆ ನಿಂತವನು ಹಲವೆಡೆ ನೇಪಾಳದವನು. ನೇಪಾಳದವನು ನಮ್ಮ ಪ್ರಜೆಯಲ್ಲದಿದ್ದರೂ 1950ರ ಒಪ್ಪಂದದಂತೆ ಇಲ್ಲಿ ನೆಲಸಿ ದುಡಿಯಲು ಹಕ್ಕುಳ್ಳವನು. ಉಳಿದವರು ಪ್ರಜೆಗಳೇ ಆದರೂ ನಮ್ಮ ಕಣ್ಣಿಗೆ ಹೊರಗಿನವರು. ‘ಹಿಂದಿಯವನು’ ಎಂದು ಕರೆಯುತ್ತೇವೆ. ಅವನ ಹೆಸರನ್ನು ಕೇಳಿದವರು ಎಷ್ಟು ಮಂದಿ? ದುಬೈಯಲ್ಲಿ ನಮ್ಮ ಹುಡುಗನ ಪಾಸ್‌ಪೋರ್ಟನ್ನು ಮಾಲಿಕನು ಇಟ್ಟುಕೊಂಡರೆ ನಮಗೆ ಕೋಪ ಬರುತ್ತದೆ. ಬರಬೇಕಾದುದೇ, ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಅದನ್ನು ಮಾಲಿಕನು ಹಿಡಿದಿಡುವುದು ಆ ದೇಶದ ಕಾನೂನಿಗೂ ವಿರೋಧ. ಆದರೆ ಕೆಲಸದವನು ಓಡಿಹೋಗದಿರಲೆಂದು ಅವನ ಆಧಾರ್ ಕಾರ್ಡನ್ನು ನಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ಅದು ಕಫಾಲವಲ್ಲದೆ ಮತ್ತೇನು? ಅಲ್ಲಿ ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಮಲಗುತ್ತಾರೆಂದು ಮರುಗುವ ನಾವು, ನಮ್ಮ ಹೊಸ ಮನೆಯ ಪಕ್ಕದ ತಗಡಿನ ಶೆಡ್ಡಿನೊಳಗೆ ಬಗ್ಗಿ ನೋಡಿರುವೆವೇ? ಮಳೆಯಿಂದ ಕೆಲಸ ನಿಂತ ದಿನಗಳಲ್ಲಿ ಅವರು ಏನು ಉಣ್ಣುತ್ತಾರೆಂದು ಕೇಳಿರುವೆವೇ?

ವಲಸೆ ಕೆಲಸಗಾರರ ಹಾಗೂ ಅವರ ಕುಟುಂಬಗಳ ಹಕ್ಕುಗಳನ್ನು ಕಾಪಾಡಲು ವಿಶ್ವಸಂಸ್ಥೆಯು 1990ರ ಡಿಸೆಂಬರ್ 18ರಂದು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಅದು 2003ರಲ್ಲಿ ಜಾರಿಗೆ ಬಂದಿತು. ಕೊಲ್ಲಿಯ ದೇಶಗಳು ಅದನ್ನು ಸ್ಥಿರೀಕರಿಸಿಲ್ಲ. ತನ್ನ ಮಕ್ಕಳನ್ನು ಅಷ್ಟೊಂದು ಸಂಖ್ಯೆಯಲ್ಲಿ ಕಳುಹಿಸುವ ಭಾರತವೂ ಸ್ಥಿರೀಕರಿಸಿಲ್ಲ. ಅಲ್ಲಿ ಬೇಡುವವನು ಇಲ್ಲಿ ಕೊಡಲು ಸಿದ್ಧನಿರಬೇಕೆಂಬುದು ರಾಷ್ಟ್ರಕ್ಕೂ ಕುಟುಂಬಕ್ಕೂ ಒಂದೇ ಸಮನಾಗಿ ಅನ್ವಯಿಸುವ ನಿಯಮ.

ನಾವು ಮಾಡಬಹುದಾದುದು

ದೊಡ್ಡ ಮಾತುಗಳನ್ನಾಡಿ ಮನೆಗೆ ಹೋಗುವುದು ಸುಲಭ. ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಧರ್ಮಕೇಂದ್ರವು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ.

ಮೊದಲನೆಯದಾಗಿ, ಹೊರಡುವವರಿಗೆ ತಿಳುವಳಿಕೆ. ವೀಸಾಕ್ಕಾಗಿ ಜ್ಞಾನಸ್ನಾನದ, ವಿವಾಹದ ಪ್ರಮಾಣಪತ್ರ ಕೇಳಲು ನೀವು ನನ್ನ ಕಚೇರಿಗೆ ಬಂದೇ ಬರುವಿರಿ. ಆಗ ಕೆಲಸದ ಕರಾರನ್ನೂ ತನ್ನಿರಿ. ಓದಿ ಅರ್ಥ ಹೇಳಬಲ್ಲ ಅನುಭವಿಗಳು ನಮ್ಮಲ್ಲಿದ್ದಾರೆ. ಏಜೆಂಟನು ಸರ್ಕಾರದಲ್ಲಿ ನೋಂದಾಯಿತನೇ ಎಂದು ವಿಚಾರಿಸಿರಿ. ಅವನು ಪಡೆಯಬಹುದಾದ ಸೇವಾಶುಲ್ಕಕ್ಕೆ ತೆರಿಗೆಯನ್ನು ಬಿಟ್ಟು 30,000 ರೂಪಾಯಿಗಳ ಮಿತಿಯನ್ನು ಸರ್ಕಾರ ಗೊತ್ತುಮಾಡಿದೆ. ಲಕ್ಷಗಟ್ಟಲೆ ಸಾಲ ಮಾಡಿ ಹೋದವನು ಅಲ್ಲಿ ಯಾವ ಅನ್ಯಾಯವನ್ನೂ ಸಹಿಸಬೇಕಾಗುತ್ತದೆ. ಕಫೀಲನಿಗಿಂತ ಮೊದಲು ಅವನನ್ನು ಕಟ್ಟಿಹಾಕುವುದು ಆ ಸಾಲ. ಮೊದಲ ಸಲ ಹೋಗುವವರು ‘ಫ್ರೀ ವೀಸಾ’ ಎಂಬ ಮಾತಿಗೆ ಮರುಳಾಗಬೇಡಿರಿ.

ಎರಡನೆಯದಾಗಿ, ಹಿಂದಿರುಗಿದವರ ನೆನಪು. 1990ರಲ್ಲಿ ಕುವೈತಿನ ಆಕ್ರಮಣವಾದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. 2020ರ ಮಹಾಮಾರಿಯ ಕಾಲದಲ್ಲಿಯೂ ಬರಬೇಕಾದ ಸಂಬಳವನ್ನು ಅಲ್ಲಿಯೇ ಬಿಟ್ಟು ಅನೇಕರು ಬಂದರು. ಹಣ ತಂದಾಗ ಸ್ವಾಗತಿಸಿದ ನಾವು ಬರಿಗೈಯಲ್ಲಿ ಬಂದವನ ಮನೆಯ ಮೆಟ್ಟಿಲನ್ನೂ ಹತ್ತಬೇಕು.

ಮೂರನೆಯದಾಗಿ, ನಮ್ಮಲ್ಲಿ ದುಡಿಯುವವರಿಗೆ ನ್ಯಾಯ. ಗೊತ್ತುಮಾಡಿದ ಕೂಲಿಯನ್ನು ಗೊತ್ತುಮಾಡಿದ ದಿನ ಕೊಡಿರಿ. ಮೇಸ್ತ್ರಿಯ ಕೈಗೆ ಕೊಟ್ಟು ಕೈತೊಳೆದುಕೊಳ್ಳಬೇಡಿರಿ, ಕೆಲಸಗಾರನ ಕೈ ಸೇರಿತೇ ಎಂದು ಕೇಳಿರಿ. ಅವರ ಕಾಗದಪತ್ರಗಳು ಅವರಲ್ಲಿಯೇ ಇರಲಿ. ಭಾನುವಾರ ಬಿಡುವು ಕೊಡಿರಿ. ಜಾರ್ಖಂಡ, ಒಡಿಶಾಗಳಿಂದ ಬಂದವರಲ್ಲಿ ಕಥೋಲಿಕರೂ ಉಂಟು. ಅವರು ನಮ್ಮ ದೇವಾಲಯದ ಹಿಂದಿನ ಗೋಡೆಗೆ ಒರಗಿ ನಿಲ್ಲುವುದು ನನ್ನ ಕಣ್ಣಿಗೆ ಬೀಳುತ್ತದೆ. ಅವರಿಗೆ ಪೀಠದಲ್ಲಿ ಸ್ಥಳ ಬಿಡಿರಿ. ಕೊಲ್ಲಿಯ ದೇವಾಲಯಗಳಲ್ಲಿ ನಮ್ಮವರಿಗೆ ತಮ್ಮ ಭಾಷೆಯಲ್ಲಿ ಬಲಿಪೂಜೆ ದೊರೆಯುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಇಲ್ಲಿ ಹಿಂದಿಯಲ್ಲಿ ಬಲಿಪೂಜೆಯನ್ನು ಏರ್ಪಡಿಸಲು ನಾನು ಧರ್ಮಾಧ್ಯಕ್ಷರ ಅನುಮತಿಯನ್ನು ಕೋರುತ್ತೇನೆ, ಗಾಯನವೃಂದದವರು ಸಹಕರಿಸಬೇಕು.

ಯಾಜಕ ಕಾಂಡದಲ್ಲಿ ದೇವರು ಪರದೇಶಿಯನ್ನು ಪ್ರೀತಿಸಬೇಕೆಂದು ಆಜ್ಞಾಪಿಸುವಾಗ ಕೊಡುವ ಕಾರಣ ಒಂದೇ: ಇಸ್ರಯೇಲರೂ ಒಂದು ಕಾಲದಲ್ಲಿ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು. ನಮಗಾದರೋ ಆ ನೆನಪು ಅಷ್ಟು ಹಳೆಯದೂ ಅಲ್ಲ. ನಮ್ಮ ಅಜ್ಜಂದಿರು ಪರದೇಶಿಗಳಾಗಿದ್ದರು; ನಮ್ಮ ಮಕ್ಕಳು ಇಂದು ಈ ಹೊತ್ತಿನಲ್ಲಿ ಪರದೇಶಿಗಳಾಗಿದ್ದಾರೆ. ಅವರಿಗೊಬ್ಬ ನ್ಯಾಯವಂತ ಮಾಲಿಕ ದೊರೆಯಲೆಂದು ಪ್ರತಿರಾತ್ರಿ ಜಪಸರ ಹಿಡಿದು ಬೇಡುವ ತಾಯಂದಿರು ಇಲ್ಲಿದ್ದೀರಿ. ಬಿಹಾರದ ಯಾವುದೋ ಹಳ್ಳಿಯಲ್ಲಿ ಇನ್ನೊಬ್ಬ ತಾಯಿ ತನ್ನ ಮಗನಿಗಾಗಿ ಅದನ್ನೇ ಬೇಡುತ್ತಿದ್ದಾಳೆ. ಅವಳ ಪ್ರಾರ್ಥನೆಗೆ ಉತ್ತರವಾಗುವ ಅವಕಾಶವು ನಿಮಗೆ ಒದಗಿದೆ.

ಈಜಿಪ್ಟಿನ ದಾರಿಯಲ್ಲಿ ಮಗುವನ್ನು ಎದೆಗವಚಿ ನಡೆದ ಮರಿಯಮ್ಮನವರೂ, ಪರನಾಡಿನಲ್ಲಿ ಕುಟುಂಬದ ಭಾರವನ್ನು ಹೊತ್ತ ಸಂತ ಜೋಸೆಫರೂ ದೂರದ ನಾಡುಗಳಲ್ಲಿರುವ ನಮ್ಮ ಮಕ್ಕಳನ್ನೂ, ನಮ್ಮ ನಡುವೆ ಇರುವ ಪರರ ಮಕ್ಕಳನ್ನೂ ಕಾಪಾಡಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.